ಟೈನ್‌ಹ್ಯಾಮ್: ತೆರವಾದ ಒಂದು ಹಳ್ಳಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಡಾರ್ಸೆಟ್ ಎಂಬ ಸೀಮೆಯುಂಟು. ಅದರ ಒಂದು ಮೂಲೆಗೆ ಪರ್ಬೆಕ್ ದ್ವೀಪವೆಂದು ಹೆಸರು. ಹೆಸರಿಗಷ್ಟೇ ಅದು ದ್ವೀಪ. ನಿಜಕ್ಕೆ ನೆಲಕ್ಕೆ ಅಂಟಿಕೊಂಡೇ ಇರುವ ಪ್ರದೇಶ. ಅಲ್ಲಿ ಎರಡು ಗುಡ್ಡಸಾಲುಗಳ ನಡುವಣ ಕಣಿವೆಯಲ್ಲಿ, ಕಡಲಿಂದ ಸುಮಾರು ಒಂದು ಮೈಲಿ ದೂರದಲ್ಲಿ ಟೈನ್‌ಹ್ಯಾಮ್ ಎಂಬ ಪುಟ್ಟ ಹಳ್ಳಿಯಿದೆ. ಹಳ್ಳಿಯಿದೆ ಎಂದೆನಲ್ಲ, ಅದನ್ನು ತಿದ್ದಬೇಕು. ಗೋಡೆಗಳಿವೆ, ಇಗರ್ಜಿಯಿದೆ, ಶಾಲೆಯಿದೆ. ವಾಸವಾಗಿರುವವರು ಮಾತ್ರ ಒಬ್ಬರೂ ಇಲ್ಲ. 1943ರ ಡಿಸೆಂಬರಿನಿಂದ ಅಲ್ಲಿ ಒಲೆ ಹೊತ್ತಿಲ್ಲ.

ಊರು ಹಳೆಯದು. ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ ಕಂದಾಯದ ಲೆಕ್ಕಕ್ಕಾಗಿ 1086ರಲ್ಲಿ ಬರೆಸಿದ ಡೂಮ್ಸ್‌ಡೇ ದಫ್ತರದಲ್ಲಿಯೇ ಇದರ ಹೆಸರು ಬರುತ್ತದೆ. ಇಗರ್ಜಿಯ ಹಳೆಯ ಭಾಗ ಹದಿಮೂರನೆಯ ಶತಮಾನದ್ದು. ಹಳ್ಳಿಯಿಂದ ಸ್ವಲ್ಪ ದೂರ, ಮರಗಳ ಮರೆಯಲ್ಲಿ, ಊರೊಡೆಯನ ಮನೆ. ಇಂಗ್ಲಿಷರು ಇದನ್ನು ಮ್ಯಾನರ್ ಹೌಸ್ ಎನ್ನುತ್ತಾರೆ. ನಮ್ಮ ಉತ್ತರದ ಕಡೆಯವರು ಕಂಡರೆ ವಾಡೆ ಎಂದಾರು. ಅದರ ಹಿಂಭಾಗದ ಹಜಾರ ಮಧ್ಯಯುಗದ್ದು. ಮುಂದಿನ ಕಲ್ಲಿನ ಮನೆ ಎಲಿಜಬೆತ್ ರಾಣಿಯ ಕಾಲದಲ್ಲಿ, ಹದಿನಾರನೆಯ ಶತಮಾನ ಮುಗಿಯುವ ಮೊದಲು ಎದ್ದದ್ದು. 1683ರಲ್ಲಿ ಬಾಂಡ್ ಮನೆತನದವರು ಇದನ್ನು ಕೊಂಡರು. ಅಲ್ಲಿಂದಾಚೆಗೆ ಎರಡೂವರೆ ಶತಮಾನಕ್ಕೂ ಮಿಕ್ಕು ಕಾಲ ಮನೆಯಷ್ಟೇ ಅಲ್ಲ, ಕಣಿವೆಯ ಹೊಲಗದ್ದೆ, ಕೂಲಿಕಾರರ ಗುಡಿಸಲು ಎಲ್ಲವೂ ಅವರ ಒಡೆತನದವು. ಊರವರು ತಲೆತಲಾಂತರದಿಂದ ಅಲ್ಲಿದ್ದರೂ ಒಕ್ಕಲುಗಳಾಗಿಯೇ ಇದ್ದರು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಮೊದಲು ಬಂದು ಕುಳಿತದ್ದು ಆ ವಾಡೆಯಲ್ಲಿಯೇ. ಸಮೀಪದಲ್ಲಿ ಏರ್ಪಟ್ಟ ರಾಡಾರ್ ಠಾಣೆಗಾಗಿ 1941ರಲ್ಲಿ ವಾಯುಪಡೆ ಮನೆಯನ್ನು ತೆಗೆದುಕೊಂಡಿತು. ಒಡೆಯರು ತಮ್ಮ ತೋಟಗಾರನ ಮನೆಗೆ ಸ್ಥಳ ಬದಲಾಯಿಸಿದರು. ಪಕ್ಕದ ಲಲ್ವರ್ತಿನಲ್ಲಿ ಮೊದಲ ಮಹಾಯುದ್ಧದ ಕಾಲದಿಂದಲೂ ಟ್ಯಾಂಕು ಪಡೆಗೆ ತೋಪು ಹಾರಿಸುವುದನ್ನು ಕಲಿಸುವ ಬಯಲಿತ್ತು. ಯೂರೋಪಿನ ನೆಲಕ್ಕೆ ಸೈನ್ಯವನ್ನಿಳಿಸುವ ಸಿದ್ಧತೆ ನಡೆದಾಗ ಆ ಬಯಲು ಸಾಲದಾಯಿತು. 1943ರ ನವೆಂಬರ್ ನಡುವಿನಲ್ಲಿ ಮನೆಮನೆಗೂ ಕಾಗದ ಬಂದಿತು: ಡಿಸೆಂಬರ್ 19ರೊಳಗೆ ಜಾಗ ಖಾಲಿಮಾಡಬೇಕು. ಇದು ಚಿಕ್ಕ ತ್ಯಾಗವಲ್ಲವೆಂಬುದನ್ನು ಸರಕಾರ ಬಲ್ಲದೆಂಬ ಉಪಚಾರದ ಮಾತೂ ಅದರಲ್ಲಿತ್ತು. ಸುಮಾರು 7,500 ಎಕರೆ ನೆಲ, 225 ಜನ, ಒಂದು ತಿಂಗಳ ವಾಯಿದೆ. ಯುದ್ಧ ಮುಗಿದೊಡನೆ ಮರಳಬಹುದೆಂದು ಜನ ತಿಳಿದುಕೊಂಡರು. ಹಾಗೆ ತಿಳಿಯದಿರಲು ಅವರಿಗೆ ಕಾರಣವೂ ಇರಲಿಲ್ಲ.

ಹೊರಡುವಾಗ ಊರ ಹೆಂಗಸೊಬ್ಬಳು ಇಗರ್ಜಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದಳು. ಇಗರ್ಜಿಯನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ಯುದ್ಧ ಗೆಲ್ಲಲೆಂದು ನಾವು ತಲೆಮಾರುಗಳ ಮನೆ ಬಿಟ್ಟುಕೊಟ್ಟಿದ್ದೇವೆ, ಒಂದು ದಿನ ಮರಳಿ ಬರುತ್ತೇವೆ, ಊರನ್ನು ಕರುಣೆಯಿಂದ ಕಂಡುದಕ್ಕೆ ವಂದನೆ ಎಂಬುದು ಅದರ ಸಾರಾಂಶ. ಬರುವ ಸೈನಿಕರಿಗೆ ಮುಂಗಡವಾಗಿಯೇ ವಂದನೆ ಹೇಳಿಬಿಟ್ಟ ಆ ಸೌಜನ್ಯ ನನ್ನನ್ನು ಬಹಳ ಕಾಲ ಕಾಡಿದೆ. ಅದರಲ್ಲಿ ದೂರಿನ ಒಂದು ಸೊಲ್ಲೂ ಇಲ್ಲ.

ಯುದ್ಧ 1945ರಲ್ಲಿ ಮುಗಿಯಿತು. ಊರು ಮಾತ್ರ ಹಿಂದಿರುಗಿ ಬರಲಿಲ್ಲ. ವಿಚಾರಣೆಯ ಶಾಸ್ತ್ರ ನಡೆಸಿ 1948ರಲ್ಲಿ ಸರಕಾರ ಆ ನೆಲವನ್ನು ಸೈನ್ಯಕ್ಕೇ ಉಳಿಸಿಕೊಳ್ಳಲು ನಿಶ್ಚಯಿಸಿತು. ಆಗ ಅಧಿಕಾರದಲ್ಲಿದ್ದುದು ಆಟ್ಲಿಯವರ ಕಾರ್ಮಿಕ ಪಕ್ಷವೆಂಬುದು ವಿಪರ್ಯಾಸ. ಜರ್ಮನಿಯ ಕದನ ಮುಗಿದರೂ ರಷ್ಯದೊಡನೆ ಶೀತಲಯುದ್ಧ ಮೊದಲಾಗಿತ್ತು. ಟ್ಯಾಂಕುಗಳ ತೋಪುಗಳು ಹೆಚ್ಚು ದೂರ ಹೊಡೆಯುವಂತಾಗಿದ್ದವು. ಬಯಲು ಬೇಕೆಂಬುದು ಸುಳ್ಳೇನೂ ಅಲ್ಲ. ಆದರೆ ಲೆಕ್ಕ ತೀರಿಸಿದ ಬಗೆ ನೋಡಿ. ಪರಿಹಾರ ನೆಲದ ಒಡೆಯರಿಗೆ. ಒಕ್ಕಲುಗಳಿಗೆ ದೊರೆತದ್ದು ಹಿತ್ತಿಲಲ್ಲಿ ಬೆಳೆದಿದ್ದ ತರಕಾರಿಯ ಬೆಲೆ. ಕಾನೂನಿನ ಕಣ್ಣಿಗೆ ಅವರು ಕಳೆದುಕೊಂಡದ್ದು ಅಷ್ಟೇ! ಎಲೆಕೋಸಿಗೂ ಆಲೂಗಡ್ಡೆಗೂ ಬೆಲೆ ಕಟ್ಟಬಹುದು. ಮನೆಯೇ ತಮ್ಮದಲ್ಲವೆಂದ ಮೇಲೆ ಅದರಲ್ಲಿ ಕಳೆದ ಕಾಲಕ್ಕೆ ಬೆಲೆ ಕಟ್ಟುವ ಕಲಮು ಯಾವ ಕಾಯಿದೆಯಲ್ಲಿದೆ?

ವಾಡೆಯಲ್ಲಿ ಬೆಳೆದ ಲಿಲಿಯನ್ ಬಾಂಡ್ ಎಂಬಾಕೆ 1956ರಲ್ಲಿ ಟೈನ್‌ಹ್ಯಾಮಿನ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. ಕಳೆದುಹೋದ ಆಸ್ತಿಯೆಂದೇ ಅವರು ಅದನ್ನು ಕರೆದರು. ಅದು ಮಹಡಿಯ ಕಿಟಕಿಯಿಂದ ಕಂಡ ಊರು. ಇದನ್ನು ನಾನು ಹಗುರವಾಗಿ ಹೇಳುತ್ತಿಲ್ಲ. ಮಹಡಿಯವರೂ ಊರು ಕಳೆದುಕೊಂಡವರೇ. ಆದರೆ ಟೈನ್‌ಹ್ಯಾಮನ್ನು ಸ್ವರ್ಗವೆಂದು ವರ್ಣಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. 1860ರ ಸುಮಾರಿಗೆ ಪಾದ್ರಿಯೊಬ್ಬರು ಕಟ್ಟಿಸಿಕೊಟ್ಟ ಶಾಲೆ, ಮಕ್ಕಳು ಸಾಲದೆ 1932ರಲ್ಲಿಯೇ ಮುಚ್ಚಿಹೋಗಿತ್ತು. ಹಳ್ಳಿಗೆ ವಿದ್ಯುತ್ತು ಬಂದಿರಲಿಲ್ಲ. ಕೂಲಿಯ ಬದುಕು ಸಾಕೆನಿಸಿದ ಎಳೆಯರು ಪೇಟೆಗಳ ಕಡೆ ಮುಖಮಾಡಿದ್ದರು. ಸೈನ್ಯ ಬಾರದಿದ್ದರೂ ಊರು ಸೊರಗುತ್ತಿತ್ತೋ ಏನೋ. ಹಾಗೆಂದು ಸರಕಾರದ ಋಣ ತೀರಿತೆನ್ನಲಾಗದು. ತಾನಾಗಿ ಬಿಟ್ಟುಹೋಗುವುದು ಬೇರೆ, ಮರಳುವೆನೆಂದು ಹೋದವನ ಹಿಂದೆ ಬಾಗಿಲಿಕ್ಕುವುದು ಬೇರೆ.

ವಾಡೆಯ ಗತಿ ಇನ್ನೂ ಕೆಟ್ಟಿತು. ಸೂರು ಕುಸಿದು ಗೋಡೆ ಸಡಿಲಿದ ಮೇಲೆ, 1960ರ ದಶಕದ ಕೊನೆಯಲ್ಲಿ ಸರಕಾರದ ಕಟ್ಟಡ ಇಲಾಖೆಯವರೇ ಎಲಿಜಬೆತ್ ಕಾಲದ ಬಹುಭಾಗವನ್ನು ಕೆಡವಿದರು. ಕೆತ್ತನೆಯ ಕಲ್ಲುಗಳನ್ನು ಡಾರ್ಸೆಟ್ಟಿನ ಬೇರೆ ಹಳೆಯ ಮನೆಗೆ ಸಾಗಿಸಿದರು. ಕದನದಲ್ಲಿ ಉಳಿದದ್ದು ಶಾಂತಿಯ ಕಾಲದಲ್ಲಿ ಬಿತ್ತು. ಅದೇ ಹೊತ್ತಿಗೆ, 1968ರಲ್ಲಿ, ಊರನ್ನು ಬಿಡಿಸಿಕೊಳ್ಳುವ ಚಳವಳಿಯೊಂದು ಹುಟ್ಟಿತು. ಸೈನ್ಯದ ಭೂಮಿಗಳನ್ನು ಪರಿಶೀಲಿಸಿದ ನುಜೆಂಟ್ ಸಮಿತಿ 1973ರಲ್ಲಿ ಲಲ್ವರ್ತ್ ಬಯಲನ್ನು ಬಿಟ್ಟುಕೊಡುವುದೇ ಯುಕ್ತವೆಂದಿತು. ಸರಕಾರ 1974ರಲ್ಲಿ ಒಪ್ಪಲಿಲ್ಲ. ಚಳವಳಿಯಿಂದ ಆದ ಲಾಭವೆಂದರೆ ರಜಾದಿನಗಳಲ್ಲಿ ಜನ ಹೋಗಿ ನೋಡಿಬರುವ ಅನುಕೂಲ.

1980ರ ದಶಕದಲ್ಲಿ ಟಾಲ್‌ಪಡಲ್ ಎಂಬ ಇನ್ನೊಂದು ಡಾರ್ಸೆಟ್ ಹಳ್ಳಿಯ ಕೂಲಿಕಾರರ ಕಥೆಯನ್ನು ಚಿತ್ರಿಸಲು ಸಿನಿಮಾದವರು ಇಲ್ಲಿಗೆ ಬಂದರು. ಸಂಘ ಕಟ್ಟಿದ ತಪ್ಪಿಗೆ 1834ರಲ್ಲಿ ಆಸ್ಟ್ರೇಲಿಯಕ್ಕೆ ಗಡೀಪಾರಾದವರ ಕಥೆ ಅದು. ಆ ಗದ್ದಲದಲ್ಲಿ ಅಂಚೆ ಮನೆಯ ಮುಂದಿನ ಹಳೆಯ ಟೆಲಿಫೋನ್ ಗೂಡು ಮುರಿದುಬಿತ್ತಂತೆ. ಆಮೇಲೆ ಅದೇ ಮಾದರಿಯ ಬೇರೊಂದನ್ನು ತಂದು ನಿಲ್ಲಿಸಿದರು.

ಇಂದು ತೋಪುಗಳಿಗೆ ಬಿಡುವಿರುವ ವಾರದ ಕೊನೆಗಳಲ್ಲಿ ದಾರಿಯ ಗೇಟು ತೆರೆಯುತ್ತದೆ. ಸೂರಿಲ್ಲದ ಗುಡಿಸಲುಗಳ ಸಾಲಿನಲ್ಲಿ ಜನ ನಡೆದಾಡುತ್ತಾರೆ, ಯಾವ ಮನೆಯಲ್ಲಿ ಯಾರಿದ್ದರೆಂಬ ಫಲಕಗಳನ್ನು ಓದುತ್ತಾರೆ. ಶಾಲೆಯಲ್ಲಿ ಮಕ್ಕಳು ಕೋಟು ತೂಗುಹಾಕುತ್ತಿದ್ದ ಗೂಟಗಳಿವೆ, ಗೂಟಗಳ ಬಳಿ ಹೆಸರುಗಳಿವೆ. ಇಗರ್ಜಿಯಲ್ಲಿ ಊರಿನ ಚರಿತ್ರೆಯ ಪ್ರದರ್ಶನವುಂಟು. ವಾಡೆಯ ಅಳಿದುಳಿದ ಭಾಗ ಮರಗಳ ನಡುವೆ ಬೇಲಿಯ ಆಚೆಗಿದೆ. ಅಲ್ಲಿಗೆ ಯಾರನ್ನೂ ಬಿಡುವುದಿಲ್ಲ.