ಟ್ರಾಮಿಗೆ ದಾರಿ ಬಿಟ್ಟು ಅಲಿಬಾಗಿಗೆ ಹೋದ ಸೂಜಿ

ನಗರಕ್ಕೆ ಅಣೆಕಟ್ಟು, ಕಾರ್ಖಾನೆ, ವಿಮಾನ ನಿಲ್ದಾಣ ಬೇಕಾದಾಗ ಹಳ್ಳಿಗಳನ್ನು ಏಳಿಸಿದ ಕತೆಗಳನ್ನು ನಾವು ಸಾಕಷ್ಟು ಬರೆದಿದ್ದೇವೆ. ಈ ಸಲ ಹೇಳುವುದು ಸ್ವಲ್ಪ ಬೇರೆ ಥರದ ಸ್ಥಳಾಂತರದ ಕತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಗೆ ವಿದ್ಯುತ್ ಟ್ರಾಮ್ ಬರುವುದೆಂದು ಗೊತ್ತಾದಾಗ, ಅಲ್ಲಿನ ಒಂದು ಸರ್ಕಾರಿ ವೀಕ್ಷಣಾಲಯ ತನ್ನ ಕಾಂತದ ಉಪಕರಣಗಳನ್ನು ಎತ್ತಿಕೊಂಡು ಕೊಲ್ಲಿಯಾಚೆಯ ಸಣ್ಣ ಊರು ಅಲಿಬಾಗಿಗೆ ಹೋಯಿತು. ಹೋದ ರೀತಿ ಎಷ್ಟು ಎಚ್ಚರದ್ದಾಗಿತ್ತೆಂದರೆ, 1840ರ ದಶಕದಲ್ಲಿ ಶುರುವಾದ ಅಳತೆ ಇಂದಿಗೂ ಒಂದೇ ಸರಣಿಯಾಗಿ ಮುಂದುವರಿದಿದೆ. ಜಗತ್ತಿನಲ್ಲಿ ಇಷ್ಟು ಉದ್ದದ ಭೂಕಾಂತದ ದಾಖಲೆ ಇರುವ ಜಾಗಗಳು ಬೆರಳೆಣಿಕೆಯಷ್ಟು.

ಕೊಲಾಬಾದ ಸೂಜಿ

ದಿಕ್ಸೂಚಿಯ ಮುಳ್ಳು ಉತ್ತರಕ್ಕೆ ನಿಲ್ಲುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಸೂಕ್ಷ್ಮವಾಗಿ ನೋಡಿದರೆ ಅದು ನಿಲ್ಲುವುದೇ ಇಲ್ಲ. ಹಗಲು ಏರಿದಂತೆ ತುಸು ಒಂದು ಕಡೆಗೆ ಸರಿಯುತ್ತದೆ, ಸಂಜೆಗೆ ಮರಳುತ್ತದೆ. ಕೆಲವು ದಿನ ಕಾರಣವಿಲ್ಲದಂತೆ ನಡುಗುತ್ತದೆ. ವರ್ಷಗಳು ಕಳೆದಂತೆ ಅದು ತೋರಿಸುವ ಉತ್ತರವೇ ಬದಲಾಗುತ್ತದೆ. ಇದೆಲ್ಲ ಯಾಕೆ ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳನ್ನು ಬಹಳ ಕಾಡಿತ್ತು. ಜರ್ಮನಿಯ ಗೌಸ್ 1832ರಲ್ಲಿ ಭೂಮಿಯ ಕಾಂತಬಲವನ್ನು ಅಂಕಿಯಲ್ಲಿ ಅಳೆಯುವ ವಿಧಾನ ತೋರಿಸಿಕೊಟ್ಟ ಮೇಲೆ, ಭೂಮಿಯ ಬೇರೆ ಬೇರೆ ಕಡೆ ಒಂದೇ ಹೊತ್ತಿಗೆ ಅಳೆದು ನೋಡಬೇಕೆಂಬ ಯೋಜನೆ ಹುಟ್ಟಿತು. ಬ್ರಿಟನ್ನಿನಲ್ಲಿ ಎಡ್ವರ್ಡ್ ಸಬೈನ್ ಇದರ ಹಿಂದೆ ಬಿದ್ದರು. ಈಸ್ಟ್ ಇಂಡಿಯಾ ಕಂಪನಿ ಮದ್ರಾಸ್, ಶಿಮ್ಲಾ, ಸಿಂಗಪುರ ಮತ್ತು ಮುಂಬಯಿಗಳಲ್ಲಿ ಅಳತೆ ಮಾಡಿಸಲು ಒಪ್ಪಿತು. ಹಡಗು ನಡೆಸುವ ಕಂಪನಿಗೆ ದಿಕ್ಸೂಚಿಯ ಬಗ್ಗೆ ಇದ್ದ ಆಸಕ್ತಿಯನ್ನು ಬೇರೆ ಹೇಳಬೇಕಿಲ್ಲ.

ಮುಂಬಯಿಯ ಕೊಲಾಬಾದಲ್ಲಿ 1826ರಲ್ಲೇ ಒಂದು ವೀಕ್ಷಣಾಲಯ ಕಟ್ಟಲಾಗಿತ್ತು. 1841ರಲ್ಲಿ ಆರ್ಥರ್ ಬೆಡ್‌ಫೋರ್ಡ್ ಓರ್ಲೆಬಾರ್ ಉಸ್ತುವಾರಿಯಲ್ಲಿ ಅಲ್ಲಿ ಕಾಂತದ ಅಳತೆ ಆರಂಭವಾಯಿತು. ಕಾಂತದ ಸರಳನ್ನು ಎಳೆಯಲ್ಲಿ ತೂಗುಹಾಕಿ, ಅದು ಎಷ್ಟು ತಿರುಗಿತು ಎಂದು ಗಂಟೆಗೊಮ್ಮೆ ಕಣ್ಣಲ್ಲೇ ನೋಡಿ ಪುಸ್ತಕದಲ್ಲಿ ಬರೆಯಬೇಕು. ರಾತ್ರಿಯೂ ಬರೆಯಬೇಕು, ಮಳೆಗಾಲದಲ್ಲೂ ಬರೆಯಬೇಕು. ಫೋಟೊ ಕಾಗದದ ಮೇಲೆ ತಾನಾಗಿಯೇ ಗೆರೆ ಮೂಡಿಸುವ ಯಂತ್ರ ಬಂದದ್ದು 1870ರ ದಶಕದಲ್ಲಿ. ಅಲ್ಲಿಯವರೆಗೆ ಪಾಳಿಯ ಮೇಲೆ ಕೂತವರ ಕಣ್ಣು, ಕೈಗಳೇ ಯಂತ್ರ.

ಈ ದುಡಿಮೆಯ ಬೆಲೆ ಏನು ಎಂಬುದು 1859ರ ಸೆಪ್ಟೆಂಬರಿನಲ್ಲಿ ಗೊತ್ತಾಗಬೇಕಿತ್ತು, ಆದರೆ ಪೂರ್ತಿ ಗೊತ್ತಾದದ್ದು ಸುಮಾರು ಒಂದೂವರೆ ಶತಮಾನದ ನಂತರ. ಆ ತಿಂಗಳ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ನಡುವೆ ಬೆಳ್ಳನೆಯ ಹೊಳಪೊಂದನ್ನು ಕಂಡರು. ಸುಮಾರು ಹದಿನೇಳೂವರೆ ಗಂಟೆಯ ಬಳಿಕ ಭೂಮಿಗೆ ಕಾಂತದ ಬಿರುಗಾಳಿ ಅಪ್ಪಳಿಸಿತು. ಯುರೋಪ್, ಅಮೆರಿಕಗಳಲ್ಲಿ ತಂತಿ ಕಚೇರಿಗಳ ಕೆಲಸ ಕೆಟ್ಟಿತು. ಧ್ರುವದ ಬಳಿ ಮಾತ್ರ ಕಾಣುವ ಬಣ್ಣದ ಬೆಳಕು ಉಷ್ಣವಲಯದ ಹತ್ತಿರದವರೆಗೂ ಕಂಡಿತು. ಸೆಪ್ಟೆಂಬರ್ 2ರ ಹಗಲು ಕೊಲಾಬಾದಲ್ಲಿ ಕೂತವರು ಅಳತೆಯನ್ನು ನಿಲ್ಲಿಸಲಿಲ್ಲ. ಗಂಟೆಗೊಮ್ಮೆ ಬರೆಯುವುದು ಸಾಲದೆ ಕೆಲವೇ ನಿಮಿಷಕ್ಕೊಮ್ಮೆ ಬರೆದರು. ಅವರ ಅಂಕಿಗಳ ಪ್ರಕಾರ ಭೂಮಿಯ ಅಡ್ಡ ದಿಕ್ಕಿನ ಕಾಂತಬಲ ಅಂದು ಸುಮಾರು 1600 ನ್ಯಾನೊಟೆಸ್ಲಾದಷ್ಟು ಕುಸಿದಿತ್ತು. ಅಲ್ಲಿನ ಒಟ್ಟು ಅಡ್ಡ ಬಲದ ಲೆಕ್ಕದಲ್ಲಿ ಇದು ನೂರಕ್ಕೆ ನಾಲ್ಕರಷ್ಟು. ಕಡಿಮೆ ಅನ್ನಿಸಬಹುದು, ಮಾಮೂಲಿ ದಿನದ ಏರಿಳಿತವಾದರೋ ಕೆಲವು ಹತ್ತು ನ್ಯಾನೊಟೆಸ್ಲಾ ಮಾತ್ರ.

ಟ್ರಾಮಿನ ತೊಂದರೆ ಏನು?

ಮುಂಬಯಿಯಲ್ಲಿ 1874ರಿಂದ ಕುದುರೆ ಟ್ರಾಮ್ ಓಡುತ್ತಿತ್ತು. ಅದರಿಂದ ಕಾಂತದ ಸರಳಿಗೆ ಅಂಥ ಕಾಟವೇನೂ ಇರಲಿಲ್ಲ. ವಿದ್ಯುತ್ ಟ್ರಾಮಿನ ವಿಷಯ ಬೇರೆ. ಮೇಲಿನ ತಂತಿಯಿಂದ ಬಂದ ವಿದ್ಯುತ್ತು ಗಾಡಿಯ ಮೋಟಾರನ್ನು ತಿರುಗಿಸಿ, ಕೆಳಗಿನ ಹಳಿಯ ಮೂಲಕ ಹಿಂದಿರುಗುತ್ತದೆ. ಹಳಿ ನೆಲದಲ್ಲೇ ಕೂತಿರುವುದರಿಂದ ಒಂದಿಷ್ಟು ವಿದ್ಯುತ್ತು ಮಣ್ಣಿಗೆ ಸೋರಿ, ತನಗೆ ಸಲೀಸಾದ ದಾರಿ ಹುಡುಕಿಕೊಂಡು ದೂರದವರೆಗೆ ಹರಿಯುತ್ತದೆ. ವಿದ್ಯುತ್ತು ಹರಿದಲ್ಲೆಲ್ಲ ಅದರ ಸುತ್ತ ಕಾಂತಕ್ಷೇತ್ರ ಇದ್ದೇ ಇರುತ್ತದೆ. ಇದನ್ನು ಡೆನ್ಮಾರ್ಕಿನ ಓರ್ಸ್ಟೆಡ್ 1820ರಲ್ಲೇ ತೋರಿಸಿದ್ದರು. ಗಾಡಿ ಹೊರಟಾಗ, ನಿಂತಾಗ, ಏರಿ ಹತ್ತುವಾಗ ಈ ಸೋರಿಕೆ ಹೆಚ್ಚು ಕಡಿಮೆ ಆಗುತ್ತದೆ. ಹಾಗಾದಾಗ ಸೂಜಿ ಸೂರ್ಯನ ಸುದ್ದಿ ಹೇಳುತ್ತಿದೆಯೋ ಟ್ರಾಮಿನ ವೇಳಾಪಟ್ಟಿ ಹೇಳುತ್ತಿದೆಯೋ ತಿಳಿಯುವುದಿಲ್ಲ.

ಈ ಸಂಕಟ ಮುಂಬಯಿಯೊಂದರದೇ ಆಗಿರಲಿಲ್ಲ. ಕೆನಡಾದ ಟೊರಾಂಟೊದ ಕಾಂತ ವೀಕ್ಷಣಾಲಯ ಇದೇ ಕಾರಣಕ್ಕೆ 1898ರಲ್ಲಿ ಊರಾಚೆಯ ಅಜಿನ್‌ಕೋರ್ಟಿಗೆ ಹೋಯಿತು. ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದ ಕಾಂತದ ಕೆಲಸಕ್ಕಾಗಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ಎಂಬ ಕುರಿ ಮೇಯುವ ಗುಡ್ಡಗಾಡಿನಲ್ಲಿ 1908ರಲ್ಲಿ ಹೊಸ ವೀಕ್ಷಣಾಲಯ ತೆರೆಯಬೇಕಾಯಿತು.

ಕಬ್ಬಿಣ ಬೇಡವೆಂದ ಕಟ್ಟಡ

ಆಗ ಕೊಲಾಬಾ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ನಾನಾಭಾಯ್ ಅರ್ದೇಶಿರ್ ಫ್ರಾಮ್‌ಜಿ ಮೂಸ್. 1896ರಲ್ಲಿ ಆ ಹುದ್ದೆಗೆ ಬಂದ ಅವರು ಅದನ್ನು ವಹಿಸಿಕೊಂಡ ಮೊದಲ ಭಾರತೀಯ. ಅವರ ಮುಂದಾಳತ್ವದಲ್ಲಿ ಅಲಿಬಾಗಿನಲ್ಲಿ ಹೊಸ ಜಾಗ ಸಿದ್ಧವಾಯಿತು. ಮುಂಬಯಿಯಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್. ಅಳತೆಗಳನ್ನು ಹೋಲಿಸಲು ಸಾಕಷ್ಟು ಹತ್ತಿರ, ಟ್ರಾಮಿನ ಸೋರಿಕೆ ತಟ್ಟದಷ್ಟು ದೂರ.

ಜಾಗ ಸಿಕ್ಕರೆ ಸಾಲದು, ಕಟ್ಟಡವೇ ಸೂಜಿಗೆ ಸುಳ್ಳು ಹೇಳದಂತೆ ಇರಬೇಕು. ವಸ್ತುಗಳ ಕಾಂತಗುಣ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಲ್ಲ ವಸ್ತುವೂ ಕಾಂತಕ್ಕೆ ಒಂದಲ್ಲ ಒಂದು ರೀತಿ ಸ್ಪಂದಿಸುತ್ತದೆ ಎಂದು ಫ್ಯಾರಡೆ 1845ರಲ್ಲಿ ಕಂಡುಕೊಂಡಿದ್ದರು. ತಾಮ್ರ, ಮರ, ನೀರು, ಗಾಜು ಕೂಡ ಸ್ಪಂದಿಸುತ್ತವೆ, ಆದರೆ ಅದು ತೀರಾ ಕ್ಷೀಣ. ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಮಾತ್ರ ಸಾವಿರಾರು ಪಟ್ಟು ಬಲವಾಗಿ ಸ್ಪಂದಿಸುತ್ತವೆ. ಇವುಗಳೊಳಗಿನ ಅಣುಗಾತ್ರದ ಕಾಂತಗಳು ಗುಂಪುಗುಂಪಾಗಿ ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲಬಲ್ಲವು. ಒಮ್ಮೆ ಹಾಗೆ ನಿಂತರೆ ಹೊರಗಿನ ಕಾಂತ ತೆಗೆದ ಮೇಲೂ ಒಂದಿಷ್ಟು ಹಾಗೆಯೇ ಉಳಿಯುತ್ತವೆ. ಅಂದರೆ ಗೋಡೆಗೆ ಹೊಡೆದ ಒಂದು ಕಬ್ಬಿಣದ ಮೊಳೆಯೂ ತನ್ನದೇ ಸಣ್ಣ ಉತ್ತರ, ದಕ್ಷಿಣ ಇಟ್ಟುಕೊಂಡು ಕೂರುತ್ತದೆ. ಆದ್ದರಿಂದ ಇಂಥ ಕಟ್ಟಡದಲ್ಲಿ ಕಬ್ಬಿಣದ ಜಾಗಕ್ಕೆ ತಾಮ್ರ, ಹಿತ್ತಾಳೆ ಬರುತ್ತದೆ. ಒಳಗೆ ಹೋಗುವವರು ಬೀಗದ ಕೈ, ಗಡಿಯಾರ, ಈಗಿನ ಕಾಲದಲ್ಲಾದರೆ ಮೊಬೈಲು ಹೊರಗಿಡಬೇಕು.

ಕಲ್ಲಿನ ವಿಷಯದಲ್ಲೂ ಹೀಗೆಯೇ. ಅಲಿಬಾಗಿನ ಸುತ್ತಮುತ್ತ ಅಗೆದರೆ ಸಿಗುವುದು ದಖನ್ನಿನ ಕಪ್ಪು ಕಲ್ಲು, ಬಸಾಲ್ಟ್. ಅದರಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜದ ಕಣಗಳಿವೆ. ನಮ್ಮ ಹಿರಿಯರು ಸೂಜಿಗಲ್ಲು ಎಂದು ಕರೆದದ್ದು ಇದೇ ಖನಿಜದ ಕಲ್ಲನ್ನು. ಅಂಥ ಗೋಡೆಯ ನಡುವೆ ಸೂಜಿ ಇಟ್ಟು ಫಲವಿಲ್ಲ. ಹೀಗಾಗಿ ಪರೀಕ್ಷಿಸಿ ನೋಡಿದ ಪೋರಬಂದರಿನ ತಿಳಿ ಬಣ್ಣದ ಕಲ್ಲನ್ನು ಬಳಸಲಾಯಿತು. ಕಾಂತದ ಸರಳು ಬಿಸಿಯಾದರೆ ಅದರ ಬಲ ತಗ್ಗುತ್ತದೆ, ಅದಕ್ಕಾಗಿ ಕೊಠಡಿಯ ತಾಪಮಾನ ದಿನವಿಡೀ ಹೆಚ್ಚು ಬದಲಾಗದಂತೆ ಕಟ್ಟಲಾಯಿತು.

ಸೂಜಿಗೆ ಆಗದ ಆ ಕಪ್ಪು ಕಲ್ಲು ಬೇರೊಂದು ಇತಿಹಾಸ ಹೇಳಿತು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಗಳ ಎರೆಮಣ್ಣಿನ ಹೊಲಗಳ ಕೆಳಗೆ ಇರುವುದೂ ಇದೇ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಆರುವಾಗ, ಶಾಖ 580 ಡಿಗ್ರಿಗಿಂತ ಕೆಳಗಿಳಿದಂತೆ, ಮ್ಯಾಗ್ನಟೈಟ್ ಕಣಗಳು ಆಗಿನ ಭೂಕಾಂತದ ದಿಕ್ಕನ್ನು ಅಚ್ಚೊತ್ತಿಕೊಂಡವು. ಲಂಡನ್ನಿನ ವಿಜ್ಞಾನಿಗಳು 1950ರ ದಶಕದಲ್ಲಿ ದಖನ್ನಿನ ಕಲ್ಲಿನ ತುಣುಕುಗಳನ್ನು ಅಳೆದು ನೋಡಿದಾಗ, ಈ ಲಾವಾ ಹರಿದ ಕಾಲಕ್ಕೆ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು ಎಂದು ತಿಳಿಯಿತು. ಭೂಖಂಡಗಳು ಸರಿಯುತ್ತವೆ ಎಂಬುದನ್ನು ಬಹುಪಾಲು ವಿಜ್ಞಾನಿಗಳು ಒಪ್ಪದಿದ್ದ ಕಾಲ ಅದು.

ಎರಡು ವರ್ಷ, ಎರಡು ಕಡೆ

ಮೂಸ್ ಕಾಲದ ಕೆಲಸದಲ್ಲಿ ನಮಗೆ ಅತ್ಯಂತ ಇಷ್ಟವಾದದ್ದು ಕಟ್ಟಡಕ್ಕಿಂತ ಹೆಚ್ಚಾಗಿ ಮುಂದಿನ ಹೆಜ್ಜೆ. ಅಲಿಬಾಗಿನಲ್ಲಿ 1904ರಲ್ಲಿ ಅಳತೆ ಶುರುವಾದರೂ ಕೊಲಾಬಾದ ಅಳತೆಯನ್ನು ಕೂಡಲೇ ನಿಲ್ಲಿಸಲಿಲ್ಲ. 1906ರವರೆಗೆ ಎರಡೂ ಕಡೆ ಒಟ್ಟಿಗೆ ನಡೆಸಿದರು.

ಯಾಕೆ ಬೇಕಿತ್ತು ಇದು? ಹಳ್ಳಿಯ ಮಳೆ ಲೆಕ್ಕ ಬಲ್ಲವರಿಗೆ ಬೇಗ ಅರ್ಥವಾಗುತ್ತದೆ. ಹಳೆ ಕಚೇರಿಯ ಅಂಗಳದಲ್ಲಿದ್ದ ಮಳೆಮಾಪಕವನ್ನು ಇನ್ನೊಂದು ದಿಬ್ಬದ ಮೇಲಿಟ್ಟರೆ, ಮುಂದಿನ ವರ್ಷ ಅಂಕಿ ಕಡಿಮೆ ಬಂದಾಗ ಮಳೆ ಕಡಿಮೆಯಾಯಿತೋ ಜಾಗ ಬದಲಾದದ್ದಕ್ಕೋ ಹೇಳಲಾಗದು. ಎರಡೂ ಕಡೆ ಕೆಲ ಕಾಲ ಒಟ್ಟಿಗೆ ಅಳೆದರೆ ಎರಡರ ನಡುವಿನ ವ್ಯತ್ಯಾಸ ತಿಳಿಯುತ್ತದೆ, ಹಳೆಯ ಲೆಕ್ಕವನ್ನು ಹೊಸದಕ್ಕೆ ಜೋಡಿಸಬಹುದು. ಕೊಲಾಬಾ, ಅಲಿಬಾಗ್ ಎರಡೂ ಒಂದೇ ಸರಣಿಯಾದದ್ದು ಹೀಗೆ. ಮುಂಬಯಿಯಲ್ಲಿ ವಿದ್ಯುತ್ ಟ್ರಾಮ್ ಓಡಿದ್ದು 1907ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಕೆಲಸ ಮುಗಿದಿತ್ತು. 1846ರಿಂದ 1905ರವರೆಗಿನ ಕೊಲಾಬಾದ ಅಳತೆಗಳನ್ನೆಲ್ಲ ಮೂಸ್ ಒಟ್ಟುಗೂಡಿಸಿ, ಚರ್ಚೆಯ ಸಮೇತ 1910ರಲ್ಲಿ ಪ್ರಕಟಿಸಿದರು.

ಮುಂಬಯಿಯ ಟ್ರಾಮು 1964ರ ಮಾರ್ಚ್ 31ರಂದು ಕೊನೆಯ ಸಲ ಓಡಿತು. ಯಾರಿಗೆ ದಾರಿ ಬಿಟ್ಟಿತ್ತೋ ಆ ಟ್ರಾಮೇ ಈಗಿಲ್ಲ, ಅಲಿಬಾಗಿನ ದಾಖಲೆ ಇದೆ. 1971ರಿಂದ ಅದನ್ನು ಭಾರತೀಯ ಭೂಕಾಂತತ್ವ ಸಂಸ್ಥೆ ನೋಡಿಕೊಳ್ಳುತ್ತಿದೆ.

ಹಳೆಯ ಅಂಕಿಗೆ ಹೊಸ ಕೆಲಸ

1989ರ ಮಾರ್ಚ್ 13ರಂದು ಒಂದು ಕಾಂತದ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಕೆಡವಿತು. ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. ಅದಕ್ಕಿಂತ ದೊಡ್ಡದು ಬಂದರೆ ಏನು ಗತಿ ಎಂದು ಲೆಕ್ಕ ಹಾಕಬೇಕಾದರೆ ಹಿಂದೆ ಬಂದ ದೊಡ್ಡದರ ಅಳತೆ ಬೇಕು. ಬ್ರೂಸ್ ತ್ಸುರುತಾನಿ ಹಾಗೂ ಭೂಕಾಂತತ್ವ ಸಂಸ್ಥೆಯ ಜಿ.ಎಸ್. ಲಖೀನಾ, ಎಸ್. ಅಲೆಕ್ಸ್ ಮುಂತಾದವರು 2003ರಲ್ಲಿ 1859ರ ಬಿರುಗಾಳಿಯ ಬಗ್ಗೆ ಪ್ರಬಂಧ ಬರೆದಾಗ ಕೊಲಾಬಾದ ಆ ಅಂಕಿಗಳೇ ಆಧಾರವಾದವು. ಧ್ರುವಗಳಿಂದ ದೂರದ ಜಾಗದ ಅಳತೆಯಾದ್ದರಿಂದ ಅದಕ್ಕೆ ವಿಶೇಷ ಬೆಲೆ. ಧ್ರುವಗಳ ಹತ್ತಿರ ಅಲ್ಲಲ್ಲಿನ ಗದ್ದಲವೇ ಹೆಚ್ಚು. ಇಡೀ ಭೂಮಿಯನ್ನು ಸುತ್ತುವರಿಯುವ ವಿದ್ಯುತ್ ಬಳೆಯ ಬಲವನ್ನು ತಿಳಿಯಲು ನಮ್ಮಂಥ ಪ್ರದೇಶದ ದಾಖಲೆ ಬೇಕು.

ಸೂರ್ಯನ ಮೇಲೆ ಕಣ್ಣಿಡಲು ಕಳಿಸಿದ ಆದಿತ್ಯ ಎಲ್1 ನೌಕೆಯಲ್ಲೂ ಕಾಂತಮಾಪಕವಿದೆ. ಅದನ್ನು ರೂಪಿಸಿದ್ದು ಬೆಂಗಳೂರಿನಲ್ಲಿರುವ ಇಸ್ರೊದ ಪ್ರಯೋಗಾಲಯ. ನೌಕೆಯ ಸ್ವಂತ ಲೋಹ, ತಂತಿ, ವಿದ್ಯುತ್ತಿನ ಕಾಂತ ಅಳತೆಯನ್ನು ಕೆಡಿಸಬಾರದೆಂದು ಅದರ ಸಂವೇದಕಗಳನ್ನು 6 ಮೀಟರ್ ಉದ್ದದ ತೋಳಿನ ಮೇಲೆ ಕೂರಿಸಿದ್ದಾರೆ. 2024ರ ಜನವರಿಯಲ್ಲಿ ಆ ತೋಳು ಬಿಚ್ಚಿಕೊಂಡಿತು. ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ಆಚೆ ನಡೆದದ್ದು ಅಲಿಬಾಗಿನ ಉಪಾಯವೇ.

ನಗರಕ್ಕೆ ಟ್ರಾಮ್ ಬೇಕಿತ್ತು, ಯಾರೂ ಅದನ್ನು ತಡೆಯಲಿಲ್ಲ. ದಾಖಲೆ ಉಳಿಯಬೇಕು ಎಂದವರು ಟ್ರಾಮು ಬರುವ ಮೂರು ವರ್ಷ ಮೊದಲೇ ಎದ್ದು ಕೆಲಸ ಮಾಡಿದ್ದರಿಂದ ಎರಡೂ ಸಾಧ್ಯವಾದವು. ನಮ್ಮ ತಾಲ್ಲೂಕುಗಳಲ್ಲೂ ಮಳೆ, ಅಂತರ್ಜಲ, ಹೊಳೆಯ ನೀರಿನ ಮಟ್ಟ ಬರೆದಿಡುವ ಪುಸ್ತಕಗಳಿವೆ. ರಸ್ತೆ ಅಗಲವಾಗುವಾಗ, ಕಚೇರಿ ಬದಲಾಗುವಾಗ ಆ ಮಾಪಕಗಳಿಗೆ ಏನಾಯಿತು, ಹಳೆಯ ಲೆಕ್ಕವನ್ನು ಹೊಸದಕ್ಕೆ ಜೋಡಿಸಿದರೇ ಎಂದು ಕೇಳುವುದು ವರದಿಗಾರರ ಕೆಲಸ. ಅದನ್ನು ನಾವೂ ಕೇಳುತ್ತೇವೆ, ನೀವೂ ಕೇಳಿ.