ಜಾನ್ ಮಾರ್ಷಲನೂ ಜುಹ್ವಾಂಸಿ ಜನರ ಚಲಚ್ಚಿತ್ರಗಳೂ

ಒಂದು ಜನಾಂಗದ ನಡೆನುಡಿಗಳನ್ನು ಚಲಚ್ಚಿತ್ರದಲ್ಲಿ ಹಿಡಿದಿಡುವವನು ಆ ಜನರಿಗೆ ಉಪಕಾರವನ್ನೇ ಮಾಡುವನೆಂಬುದು ಸಾಮಾನ್ಯವಾದ ಭಾವನೆ. ಆದರೆ ಉತ್ತಮವಾದ ಚಿತ್ರವೂ ಆ ಜನರ ವಿಷಯದಲ್ಲಿ ತಪ್ಪು ಕಲ್ಪನೆಯನ್ನು ಹರಡಿ ಅವರ ಹಿತಕ್ಕೆ ತೊಡಕಾಗಬಹುದೆಂಬುದಕ್ಕೆ ಅಮೆರಿಕದ ಜಾನ್ ಮಾರ್ಷಲನ ಚರಿತ್ರೆಯೇ ಸಾಕ್ಷಿಯಾಗಿದೆ.

ಮಾರ್ಷಲನು 1932ರಲ್ಲಿ ಬಾಸ್ಟನ್ ನಗರದಲ್ಲಿ ಜನಿಸಿದನು. ಈತನ ತಂದೆಯಾದ ಲಾರೆನ್ಸ್ ಮಾರ್ಷಲನು ರೇಥಿಯಾನ್ ಎಂಬ ಯಂತ್ರೋಪಕರಣ ಸಂಸ್ಥೆಯ ಸ್ಥಾಪಕರಲ್ಲೊಬ್ಬನು. ಉದ್ಯೋಗದಿಂದ ನಿವೃತ್ತನಾದ ಮೇಲೆ ಆತನು ಪತ್ನಿ ಲೋರ್ನಾ, ಮಗಳು ಎಲಿಜಬೆತ್, ಮಗ ಜಾನ್ ಇವರೊಡನೆ ಆಫ್ರಿಕಕ್ಕೆ ಹೊರಟನು. ಈಗ ನಮೀಬಿಯವೆನಿಸಿರುವ ನೈಋತ್ಯ ಆಫ್ರಿಕದಲ್ಲಿ, ಕಲಹಾರಿ ಮರುಭೂಮಿಯ ನ್ಯಾಯ್ ನ್ಯಾಯ್ ಪ್ರದೇಶದಲ್ಲಿ, 1951ರಿಂದ ಮೊದಲುಗೊಂಡು ಈ ಕುಟುಂಬವು ಜುಹ್ವಾಂಸಿ ಎಂಬ ಜನರ ನಡುವೆ ಹಲವು ಸಲ ಬೀಡುಬಿಟ್ಟಿತು. ತಾಯಿಯು ಆ ಜನರ ಬಂಧುತ್ವ, ವಿವಾಹ, ಆಹಾರದ ಹಂಚಿಕೆ ಮೊದಲಾದುವನ್ನು ಬರೆದಿಟ್ಟಳು. ಇನ್ನೂ ಇಪ್ಪತ್ತು ತುಂಬದ ಮಗನು ಅವರ ಭಾಷೆಯನ್ನು ಕಲಿತು, 16 ಮಿಲಿಮೀಟರಿನ ಕ್ಯಾಮರವನ್ನು ಹಿಡಿದನು.

ಇದರ ಫಲವೇ 1957ರ ‘ಬೇಟೆಗಾರರು’ ಎಂಬ ಚಿತ್ರ. ನಾಲ್ವರು ವಿಷದ ಬಾಣಗಳಿಂದ ಜಿರಾಫೆಯೊಂದನ್ನು ಗಾಯಗೊಳಿಸಿ, ದಿನಗಟ್ಟಲೆ ಅದರ ಹೆಜ್ಜೆಯನ್ನು ಹಿಂಬಾಲಿಸಿ ಕೊಲ್ಲುವುದೇ ಇದರ ವಸ್ತು. ವಿಶ್ವವಿದ್ಯಾನಿಲಯಗಳಲ್ಲಿ ಇದಕ್ಕೆ ವಿಶೇಷ ಮನ್ನಣೆ ದೊರೆಯಿತು. ಆದರೆ ಒಂದೇ ಬೇಟೆಯೆಂಬಂತೆ ತೋರುವ ಈ ಕಥೆಯು ಬೇರೆ ಬೇರೆ ಬೇಟೆಗಳ ದೃಶ್ಯಗಳನ್ನು ಜೋಡಿಸಿದುದು. ಅಲ್ಲದೆ, ಆ ಜನರ ಆಹಾರದಲ್ಲಿ ಹೆಚ್ಚಿನ ಪಾಲು ಮುಖ್ಯವಾಗಿ ಸ್ತ್ರೀಯರು ಆಯ್ದು ತರುವ ಗೆಡ್ಡೆ, ಕಾಯಿ, ಬೀಜಗಳದೇ ಹೊರತು ಬೇಟೆಯದಲ್ಲ. ತನ್ನ ಕೃತಿಯ ಈ ದೋಷಗಳನ್ನು ಮಾರ್ಷಲನೇ ಮುಂದೆ ಮರೆಮಾಚದೆ ಒಪ್ಪಿಕೊಂಡನು.

1958ರಲ್ಲಿ ದಕ್ಷಿಣ ಆಫ್ರಿಕದ ಸರ್ಕಾರವು ಆತನಿಗೆ ಪ್ರವೇಶವನ್ನು ನಿರಾಕರಿಸಿತು. ಇಪ್ಪತ್ತು ವರ್ಷಗಳ ಕಾಲ ಆತನು ಬೇರೆಡೆ ಚಿತ್ರಗಳನ್ನು ತೆಗೆಯುತ್ತ, ತಿಮೊಥಿ ಆಶ್ ಎಂಬುವನೊಡಗೂಡಿ ಮಾನವಶಾಸ್ತ್ರದ ಚಿತ್ರಗಳನ್ನು ಹಂಚುವ ಸಂಸ್ಥೆಯೊಂದನ್ನು ಕಟ್ಟಿದನು. 1978ರಲ್ಲಿ ಹಿಂದಿರುಗಿದಾಗ ಕಂಡುದು ಬೇರೊಂದು ಲೋಕ. ಜುಹ್ವಾಂಸಿಗಳು ತಮ್ಮ ಭೂಮಿಯ ಬಹುಭಾಗವನ್ನು ಕಳೆದುಕೊಂಡು, ಸರ್ಕಾರವು ಚುಮ್‌ಕ್ವೆ ಎಂಬಲ್ಲಿ ಏರ್ಪಡಿಸಿದ ನೆಲೆಯಲ್ಲಿ ರೋಗ, ಮದ್ಯಪಾನ, ಕಲಹಗಳಿಗೆ ಸಿಕ್ಕಿದ್ದರು; ಸೈನ್ಯವೂ ಅವರ ತರುಣರನ್ನು ಸೇರಿಸಿಕೊಳ್ಳತೊಡಗಿತ್ತು. ಬಾಲ್ಯದಿಂದಲೂ ತಾನು ಚಿತ್ರಿಸಿದ್ದ ನೈ ಎಂಬ ಹೆಂಗಸಿನ ಬಾಯಿಂದಲೇ ಮಾರ್ಷಲನು ಈ ಪತನವನ್ನು 1980ರ ಚಿತ್ರದಲ್ಲಿ ಹೇಳಿಸಿದನು.

ಆ ಬಳಿಕ ಆತನು ಬಾವಿಗಳಿಗೂ ದನಕರುಗಳಿಗೂ ಧನವನ್ನೊದಗಿಸುವ ನಿಧಿಯೊಂದನ್ನು ಸ್ಥಾಪಿಸಿ, ಹಳೆಯ ನೀರಿನ ನೆಲೆಗಳಲ್ಲಿ ಮತ್ತೆ ಊರು ಕಟ್ಟುವವರಿಗೆ ನೆರವಾದನು. ಆಗ ಎದುರಾದ ವಿಘ್ನವು ವಿಚಿತ್ರವಾದುದು. ಇವರು ಹುಟ್ಟು ಬೇಟೆಗಾರರು, ಇವರಿಗೆ ಬೇಸಾಯವೂ ಪಶುಪಾಲನೆಯೂ ಸಲ್ಲವೆಂಬ ನಂಬಿಕೆಯು ಬಲವಾಗಿದ್ದಿತು. ಅವರ ನೆಲವನ್ನು ವನ್ಯಮೃಗಗಳ ರಕ್ಷಿತಾರಣ್ಯವನ್ನಾಗಿ ಮಾಡಬೇಕೆಂಬ ಯೋಜನೆಯೂ ಹೊರಟಿತು. ಈ ನಂಬಿಕೆಗೆ ಇಂಬುಕೊಟ್ಟವುಗಳಲ್ಲಿ ಆತನ ಮೊದಲ ಚಿತ್ರವೂ ಒಂದು. ಐದು ಭಾಗಗಳ ‘ಕಲಹಾರಿಯ ಕುಟುಂಬ’ (2002) ಎಂಬ ಕೊನೆಯ ಮಹಾಕೃತಿಯಲ್ಲಿ ಮಾರ್ಷಲನು ಈ ಮಿಥ್ಯೆಯನ್ನೇ ಖಂಡಿಸಿರುವನು.

2005ರಲ್ಲಿ ಆತನು ತೀರಿಕೊಂಡನು. 1950ರಿಂದ 2000ದವರೆಗೆ ಆತನು ತೆಗೆದ ಚಿತ್ರಗಳ ಸಂಗ್ರಹವನ್ನು ಯುನೆಸ್ಕೋ 2009ರಲ್ಲಿ ‘ವಿಶ್ವಸ್ಮೃತಿ’ಯ ಪಟ್ಟಿಗೆ ಸೇರಿಸಿತು. ಈ ಸಂಗ್ರಹದ ಬೆಲೆಯು ಅಳಿದುಹೋದ ಬಾಳನ್ನು ಉಳಿಸಿರುವುದರಲ್ಲಿ ಮಾತ್ರವಿಲ್ಲ. ಮೊದಲು ಕಂಡುದನ್ನು ಮರಳಿ ನೋಡಿ ತಿದ್ದಿಕೊಂಡ ಪ್ರಾಮಾಣಿಕತೆಯೂ ಅದರಲ್ಲಿ ದಾಖಲಾಗಿದೆ.