ಮಬ್ಬುಬೆಳಕಿನ ಕೋವಿ ಸೈಟುಗಳು

ಮುಸ್ಸಂಜೆ, ಬೆಳದಿಂಗಳು, ನಸುಕುಗಳಲ್ಲಿಯೂ ಗುರಿ ಹಿಡಿಯಲು ಬರುವಂತೆ ಕೋವಿ, ರೈಫಲ್‌ಗಳ ಲೋಹದ ಸೈಟುಗಳಲ್ಲಿ ಮಾಡಿಕೊಂಡ ಸುಧಾರಣೆಗಳು. ದಕ್ಷಿಣ ಭಾರತದಲ್ಲಿ ಇವುಗಳ ಚರಿತ್ರೆ ಮೊದಲು ಶಿಕಾರಿಯೊಂದಿಗೆ, ಆಮೇಲೆ ಸೇನೆಯೊಂದಿಗೆ ಬೆಳೆಯಿತು. ಸೈಟು ಕಾಣುವುದು ಒಂದು ಸಮಸ್ಯೆ, ಗುರಿ ಕಾಣುವುದು ಇನ್ನೊಂದು. ಮೊದಲನೆಯದಕ್ಕೆ ಅಗ್ಗದ ಪರಿಹಾರಗಳು ಬೇಗನೆ ಸಿಕ್ಕವು. ಎರಡನೆಯದಕ್ಕೆ ವಿದ್ಯುತ್ತೂ ಆಮೇಲೆ ಎಲೆಕ್ಟ್ರಾನಿಕ್ಸೂ ಬರಬೇಕಾಯಿತು.

ಕಣ್ಣು ಮತ್ತು ಕಬ್ಬಿಣ

ಗುರಿ ಹಿಡಿಯುವವನು ಹಿಂದಿನ ಸೈಟಿನ ಕಚ್ಚು, ನಳಿಗೆಯ ತುದಿಯ ಮಣಿ, ಗುರಿ ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ದೃಷ್ಟಿಪಟಲದ ನಟ್ಟನಡುವೆ, ನಾವು ದಿಟ್ಟಿಸಿ ನೋಡುವ ಜಾಗದಲ್ಲಿ, ಹಗಲು ಬೆಳಕಿಗೆ ಒಗ್ಗಿದ ಶಂಕುಕೋಶಗಳಷ್ಟೇ ಇವೆ. ಮಂದ ಬೆಳಕನ್ನು ಹಿಡಿಯುವ ಕೋಶಗಳಿರುವುದು ಅದರ ಸುತ್ತ. ಹೀಗಾಗಿ ಕತ್ತಲಾದಂತೆ ದಿಟ್ಟಿಸಿದ ಮಣಿಯೇ ಮೊದಲು ಮಾಯವಾಗುತ್ತದೆ. ಅದನ್ನು ಹುಡುಕುತ್ತ ಬೇಟೆಗಾರ ತನಗೇ ತಿಳಿಯದಂತೆ ನಳಿಗೆಯ ತುದಿಯನ್ನು ಕಚ್ಚಿನಿಂದ ಮೇಲೆತ್ತುತ್ತಾನೆ, ಗುಂಡು ಪ್ರಾಣಿಯ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಸಂಜೆಯ ಈಡು ಮೇಲಕ್ಕೆ ಹೋಗುವುದಕ್ಕೆ ಇದೊಂದು ಮುಖ್ಯ ಕಾರಣ.

ಹತ್ತಿ, ದಂತ, ಚಿನ್ನ

ಮಲೆನಾಡಿನಲ್ಲಿ ಮರಸಿಗೆ (ಅಡಗಿ ಹೊಂಚುಹಾಕಿ) ಕೂರುವುದು, ಮರದ ಮೇಲಿನ ಅಟ್ಟಣಿಗೆಯಲ್ಲಿ ಕಾಯುವುದು ರಾತ್ರಿ ಶಿಕಾರಿಯ ರೂಢಿಯ ಕ್ರಮಗಳು. ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಗೆ ತುದಿಯಲ್ಲೊಂದು ಸಣ್ಣ ಮಣಿ ಬಿಟ್ಟರೆ ಬೇರೆ ಸೈಟು ಇರುವುದೇ ಕಡಿಮೆ. ನಳಿಗೆಯ ತುದಿಗೆ ಬಿಳಿ ಬಟ್ಟೆ ಸುತ್ತುವುದು, ಮೇಣದಿಂದ ಹತ್ತಿ ಅಂಟಿಸುವುದು ಶಿಕಾರಿಗಳ ಹಳೆಯ ಉಪಾಯ. ಬೆಳದಿಂಗಳಿದ್ದರೆ ಇಷ್ಟು ಸಾಕಾಗುತ್ತಿತ್ತು.

ಇಂಗ್ಲೆಂಡಿನ ಕೋವಿ ತಯಾರಕರು ಇದನ್ನೇ ನಯಗಾರಿಕೆಯಿಂದ ಮಾಡಿದರು. ಭಾರತ, ಆಫ್ರಿಕಗಳ ಶಿಕಾರಿಗೆಂದು ತಯಾರಾದ ದೊಡ್ಡ ರೈಫಲ್‌ಗಳಲ್ಲಿ ಮುಂದೆ ದಂತದ ಅಥವಾ ಚಿನ್ನದ ಮಣಿ, ಹಿಂದೆ ಅಗಲವಾದ ‘ವಿ’ ಕಚ್ಚು, ಅದರ ನಡುವೆ ಪ್ಲಾಟಿನಂ ಗೆರೆ ಇರುತ್ತಿದ್ದವು. ಕೆಲವಕ್ಕೆ ರಾತ್ರಿಗೆಂದೇ ಮಡಚಿಡುವ ದಪ್ಪ ಬಿಳಿ ಮಣಿಯೂ ಇತ್ತು. ದುಂಡು ಮಣಿಗೆ ಒಂದು ದೋಷವಿತ್ತು. ಒಂದು ಪಕ್ಕದಿಂದ ಬೆಳಕು ಬಿದ್ದರೆ ಆ ಪಕ್ಕವಷ್ಟೇ ಹೊಳೆದು, ಅದೇ ಮಣಿಯ ನಡುಭಾಗವೆಂದು ಕಣ್ಣು ಮೋಸಹೋಗುತ್ತಿತ್ತು. ಮುಖ ಚಪ್ಪಟೆಯಾದ ಮಣಿಗಳು ಬಂದದ್ದು ಇದಕ್ಕಾಗಿ.

ಬ್ಯಾಟರಿಯ ಕಾಲ

ಮಣಿ ಎಷ್ಟು ಬೆಳ್ಳಗಿದ್ದರೂ ಅಮಾವಾಸ್ಯೆಯ ಕಾಡಿನಲ್ಲಿ ಪ್ರಾಣಿ ಕಾಣದು. ಮಲೆನಾಡಿಗರು ‘ಬ್ಯಾಟರಿ’ ಎಂದೇ ಕರೆಯುವ ಟಾರ್ಚು ಈ ತೊಡಕನ್ನು ಬಿಡಿಸಿತು. ಅದನ್ನು ನಳಿಗೆಗೆ ಕಟ್ಟಿದರೆ ಒಂದೇ ಬೆಳಕಿನಲ್ಲಿ ಪ್ರಾಣಿಯೂ ಸೈಟೂ ಕಾಣುತ್ತವೆ. ಜಿಮ್ ಕಾರ್ಬೆಟ್ 1926ರಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಕೊಂದದ್ದು ಹೀಗೆ: ರೈಫಲ್‌ಗೆ ಬಿಗಿದ ಟಾರ್ಚಿನ ಗುಂಡಿ ಒತ್ತಿದಾಗ ಸೈಟಿನ ಗೆರೆ ಚಿರತೆಯ ಭುಜದ ಮೇಲೇ ಇತ್ತು. ಕುದುರೆ ಎಳೆದ ಕೂಡಲೇ ಟಾರ್ಚು ಆರಿಹೋಯಿತು, ಗುಂಡು ತಗುಲಿದ್ದು ಖಚಿತವಾಗಲು ಬೆಳಗಿನವರೆಗೆ ಕಾಯಬೇಕಾಯಿತು. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಕೂಡ ಕರ್ನಾಟಕ, ಆಂಧ್ರ, ತಮಿಳುನಾಡುಗಳ ಕಾಡುಗಳಲ್ಲಿ ತಮ್ಮ .405 ವಿಂಚೆಸ್ಟರ್ ರೈಫಲ್‌ಗೆ ಟಾರ್ಚು ಬಿಗಿದು ಕಾಯುತ್ತಿದ್ದರು. ಕನ್ನಡ ಓದುಗರಿಗೆ ಈ ಇಬ್ಬರ ಶಿಕಾರಿ ಲೋಕವನ್ನು ಹತ್ತಿರ ತಂದದ್ದು ಪೂರ್ಣಚಂದ್ರ ತೇಜಸ್ವಿಯವರ ಅನುವಾದಗಳು.

ತಾನೇ ಬೆಳಗುವ ಸೈಟು

ಯುದ್ಧದಲ್ಲಿ ಟಾರ್ಚು ಹಚ್ಚಿದವನು ತಾನೇ ಗುರಿಯಾಗುತ್ತಾನೆ. ಅದಕ್ಕಾಗಿ ಸೇನೆಗಳು ವಿಕಿರಣಶೀಲ ಬಣ್ಣಗಳತ್ತ ಹೊರಳಿದವು. 1898ರಲ್ಲಿ ಪತ್ತೆಯಾದ ರೇಡಿಯಂ ಅನ್ನು ಸತು ಸಲ್ಫೈಡಿನೊಂದಿಗೆ ಬೆರೆಸಿದ ಬಣ್ಣವನ್ನು ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆ ರೈಫಲ್ ಸೈಟುಗಳಿಗೆ ಬಳಸಿತು. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷವಾದರೂ ಅದರ ವಿಕಿರಣವೇ ಸತು ಸಲ್ಫೈಡನ್ನು ಕೆಡಿಸುವುದರಿಂದ ಹೊಳಪು ಬೇಗ ಕುಂದುತ್ತಿತ್ತು, ಅಪಾಯ ಮಾತ್ರ ಹಾಗೇ ಉಳಿಯುತ್ತಿತ್ತು.

ಆ ಜಾಗಕ್ಕೆ ಟ್ರಿಟಿಯಂ ಬಂತು. ಒಳಗೋಡೆಗೆ ಫಾಸ್ಫರ್ ಬಳಿದ ಪುಟ್ಟ ಗಾಜಿನ ಕೊಳವೆಯಲ್ಲಿ ಈ ಅನಿಲವನ್ನು ತುಂಬಿ ಮುಚ್ಚುತ್ತಾರೆ. ಇದರ ದುರ್ಬಲ ಬೀಟಾ ಕಣಗಳು ಗಾಜನ್ನು ದಾಟಲಾರವು. ಅರ್ಧಾಯುಷ್ಯ 12.3 ವರ್ಷ, ಅಷ್ಟು ಕಾಲದಲ್ಲಿ ಬೆಳಕು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಇಸ್ರೇಲಿನ ಗಲಿಲ್ ರೈಫಲ್‌ನಲ್ಲಿ ಹಗಲು ಮಡಚಿಟ್ಟು ರಾತ್ರಿ ಎಬ್ಬಿಸುವ ಟ್ರಿಟಿಯಂ ಸೈಟುಗಳಿವೆ. ಬಣ್ಣದ ಫೈಬರ್ ಆಪ್ಟಿಕ್ ಎಳೆಯ ಮಣಿಗಳು ಸುತ್ತಲಿನ ಬೆಳಕನ್ನು ತುದಿಗೆ ತರುತ್ತವೆ. ಆದ್ದರಿಂದ ಮುಸ್ಸಂಜೆಗೆ ಅನುಕೂಲ, ಕಗ್ಗತ್ತಲೆಗೆ ನಿರುಪಯೋಗಿ.

ಎಲೆಕ್ಟ್ರಾನಿಕ್ ಸಾಧನಗಳು

ನಕ್ಷತ್ರಗಳ ಬೆಳಕನ್ನೇ ಹಲವು ಸಾವಿರ ಪಟ್ಟು ಹಿಗ್ಗಿಸುವ ಇಮೇಜ್ ಇಂಟೆನ್ಸಿಫೈಯರ್ ಕೊಳವೆಗಳು ಸೈಟು ಕಾಣದ, ಗುರಿ ಕಾಣದ ಎರಡೂ ಸಮಸ್ಯೆಗಳನ್ನು ಒಟ್ಟಿಗೆ ಬಿಡಿಸಿದವು. ಭಾರತದಲ್ಲಿ ಈ ಬಗೆಯ ‘ಪ್ಯಾಸಿವ್ ನೈಟ್ ಸೈಟ್’ಗಳನ್ನು ಅಭಿವೃದ್ಧಿಪಡಿಸುವ ಕೆಲಸದಲ್ಲಿ ಡೆಹ್ರಾಡೂನಿನ ರಕ್ಷಣಾ ಸಂಶೋಧನೆಯ ಐಆರ್‌ಡಿಇ ಪ್ರಯೋಗಾಲಯ ಮುಂದಾಳು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆ ಇವುಗಳನ್ನು ತಯಾರಿಸುತ್ತದೆ. ಅದರ ದೃಗ್ವಿಜ್ಞಾನ ಉಪಕರಣಗಳ ಮುಖ್ಯ ಘಟಕ ಆಂಧ್ರಪ್ರದೇಶದ ಮಚಲೀಪಟ್ಟಣದಲ್ಲಿದೆ. ಇದು 1983ರಲ್ಲಿ ಬಿಇಎಲ್ ವಹಿಸಿಕೊಂಡ ಆಂಧ್ರ ಸೈಂಟಿಫಿಕ್ ಕಂಪನಿ.

ಇಂದಿನ ಸ್ಥಿತಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಕಾನೂನುಬದ್ಧ ಶಿಕಾರಿ ಬಹುಮಟ್ಟಿಗೆ ನಿಂತು, ನಾಗರಿಕರ ಮಟ್ಟಿಗೆ ರಾತ್ರಿಯ ಸೈಟಿನ ಅಗತ್ಯವೂ ಬಹುಪಾಲು ತೀರಿತು. ಕೋವಿ ಪರವಾನಗಿಯಿಂದ ವಿನಾಯಿತಿ ಪಡೆದಿರುವ ಕೊಡವರು ಮತ್ತು ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರ ನಾಡಾದ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಆಯುಧಗಳಿಗೆ ಪೂಜೆಯಾಗುತ್ತದೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳು ಹಗಲಿನಲ್ಲೇ ನಡೆಯುತ್ತವೆ. ಸೇನೆ, ಪೊಲೀಸರ ರೈಫಲ್‌ಗಳಲ್ಲಿ ಲೋಹದ ಸೈಟು ಈಗಲೂ ಉಪಯೋಗಕ್ಕೆ ಬರುತ್ತದೆ: ನೈಟ್ ಸೈಟಿನ ಬ್ಯಾಟರಿ ಮುಗಿದರೆ, ಇಲ್ಲವೇ ಮಸೂರ ಒಡೆದರೆ, ಗುರಿ ಹಿಡಿಯಲು ಉಳಿಯುವುದು ಅದೊಂದೇ.